ಕುವೈತಿಗೆ ಚಾಚಿದ ಕೈ

ಮನುಷ್ಯನ ದೇಹದಲ್ಲಿ ಎಲ್ಲಕ್ಕಿಂತ ಕೊನೆಗೆ ನಿವೃತ್ತಿಯಾಗುವ ಅಂಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಬಲಗೈ ಎನ್ನುತ್ತೇನೆ. ನಾಲಿಗೆ ಎನ್ನುವವರೂ ಇದ್ದಾರೆ. ಅವರೆಲ್ಲ ನನ್ನ ಹೆಂಡತಿಯ ಪಕ್ಷದವರು. ನನ್ನ ಮಂಡಿಗಳು ರಾಜೀನಾಮೆ ಕೊಟ್ಟು ಬಹಳ ಕಾಲವಾಯಿತು, ಕಣ್ಣುಗಳು ಈಗ ಕನ್ನಡಕದ ಪಿಂಚಣಿಯ ಮೇಲೆ ಬದುಕುತ್ತಿವೆ. ಬಲಗೈ ಮಾತ್ರ ಇನ್ನೂ ಕಾರ್ಖಾನೆಯ ಡ್ಯೂಟಿಯಲ್ಲೇ ಇದೆ. ಬೆಳಿಗ್ಗೆ ಪೇಪರು ಓದುತ್ತ ಕುಳಿತಿರುತ್ತೇನೆ, ಕಾಫಿ ಬೇಕೆನಿಸುತ್ತದೆ. ಬಾಯಿ ತೆರೆದು ಕೇಳುವ ಗೊಡವೆಗೆ ಹೋಗದೆ, ತಲೆಯನ್ನೂ ಎತ್ತದೆ, ಕೈ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಅಂಗೈ ಮೇಲ್ಮುಖ, ಬೆರಳು ಕೊಂಚ ಮಡಿಸಿ. ಅದರಲ್ಲಿ ಏನಾದರೊಂದು ಬಂದು ಬೀಳುವವರೆಗೆ ಹಿಂದಕ್ಕೆ ಬರುವ ಪ್ರಶ್ನೆಯೇ ಇಲ್ಲ. ಮೊನ್ನೆ ಹೀಗೆ ಬಿದ್ದದ್ದು ಒಂದು ಕಟ್ಟು ಸಬ್ಬಸಿಗೆ ಸೊಪ್ಪು. "ಖಾಲಿ ಕೈ ಚಾಚ್ಕೊಂಡು ಕೂತಿದ್ರಲ್ಲ, ಸೋಸಿ ಕೊಡಿ" ಎಂದು ನನ್ನ ಹೆಂಡತಿ ಸಾವಿತ್ರಿ ಒಳಗೆ ಹೋದಳು. ಒಮ್ಮೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಪೇಪರು ಓದುತ್ತ ಮೈಮರೆತಿದ್ದಾಗ ಯಾರೋ ಪುಣ್ಯಾತ್ಗಿತ್ತಿ ನನ್ನ ಅಂಗೈಗೆ ಒಂದು ನಾಣ್ಯ ಹಾಕಿ, ಕಣ್ಣಿಗೊತ್ತಿಕೊಂಡು ಬಸ್ಸು ಹತ್ತಿಬಿಟ್ಟಳು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ಈ ಕೈಗೆ ಈ ಚಟ ಹತ್ತಿಸಿದ್ದು ಭದ್ರಾವತಿ, ಹತ್ತಿಸಿದವನು ಚಿನ್ನಸಾಮಿ. ಇದೇ ಕೈ ಒಂದು ಸಲ ಕುವೈತಿನವರೆಗೂ ಚಾಚಿತ್ತು. ಆ ಕಥೆಯನ್ನು ನಾನು ನೂರಾರು ಜನಕ್ಕೆ ನಗುನಗುತ್ತ ಹೇಳಿದ್ದೇನೆ, ಆದರೆ ಪೂರ್ತಿ ಹೇಳಿಲ್ಲ. ವಯಸ್ಸಾಯಿತು, ಇನ್ನು ಒಳಗೆ ಇಟ್ಟುಕೊಂಡು ಮಾಡುವುದೇನಿದೆ?

ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮುಗಿಸಿ, ಮುಂದೆ ಓದುವ ಶಕ್ತಿಯಾಗಲಿ ಆಸೆಯಾಗಲಿ ಇಲ್ಲದೆ, ಭದ್ರಾವತಿಯ ಕಾಗದನಗರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದವನು. ಕಾಗದ ಮಾಡುವುದು ಎಂದರೆ ಹೊರಗಿನವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಮ್ಮಂಥ ಫಿಟ್ಟರುಗಳ ಕಣ್ಣಿಗೆ ಅದು ನೀರನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸಾಗಿಸುವ ಕೆಲಸ. ಬಿದಿರಿನ ತಿರುಳು ಕಲಸಿದ ನೀರು, ಬಿಸಿ ನೀರು, ಬಿಳಿ ನೀರು, ಕೊಳೆ ನೀರು, ಅಷ್ಟಕ್ಕೂ ಪಂಪುಗಳು. ಪಂಪುಗಳೆಲ್ಲ ಇರುವುದು ನೆಲದ ಕೆಳಗಿನ ಇಕ್ಕಟ್ಟು ಗುಂಡಿಗಳಲ್ಲಿ. ಒಂದು ಕೆಟ್ಟರೆ ಇಬ್ಬರು ಫಿಟ್ಟರುಗಳು ಹೋಗಬೇಕು. ಒಬ್ಬ ಗುಂಡಿಯೊಳಗೆ ಇಳಿದು ಪಂಪಿನಡಿ ಮಲಗಬೇಕು, ಇನ್ನೊಬ್ಬ ಮೇಲೆ ಸಾಮಾನಿನ ಚೀಲ ಹಿಡಿದು ನಿಲ್ಲಬೇಕು. ಕೆಲಸ ಒಂದೇ, ದರ್ಜೆಯೂ ಒಂದೇ, ಆದರೆ ಒಬ್ಬ ಒಳಗಿನವನು, ಒಬ್ಬ ಹೊರಗಿನವನು. ನಾನು ಆಗ ಕಡ್ಡಿಯ ಹಾಗಿದ್ದೆ, ಒಳಗಿನವನಾದೆ. ಧರ್ಮಪುರಿ ಕಡೆಯಿಂದ ಬಂದು ಭದ್ರಾವತಿಯಲ್ಲೇ ಬೆಳೆದ ಚಿನ್ನಸಾಮಿಯ ಹೊಟ್ಟೆ ಮದುವೆಗೆ ಮುಂಚೆಯೇ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು, ಹೊರಗಿನವನಾದ. ಹಾಗೆ ಶುರುವಾದ ಜೋಡಿ ವರ್ಷಗಟ್ಟಲೆ ಮುಂದುವರಿಯಿತು.

ಗುಂಡಿಯಲ್ಲಿ ಮಲಗಿದವನು ತಲೆ ಹೊರಗೆ ಹಾಕಿ ಸ್ಪ್ಯಾನರ್ ಹುಡುಕಲಾರ. ಕೈಯನ್ನಷ್ಟೇ ಹೊರಗೆ ಚಾಚುತ್ತಾನೆ. ಚಿನ್ನಸಾಮಿ ಬೇಕಾದ ಸ್ಪ್ಯಾನರನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಅದರಿಂದಲೇ ನನ್ನ ಮಣಿಕಟ್ಟಿಗೆ 'ಟಕ್ ಟಕ್' ಎಂದು ಎರಡು ಸಲ ತಟ್ಟಿ, ಹಿಡಿಯ ಕಡೆಯನ್ನು ಅಂಗೈಗೆ ಇಡುತ್ತಿದ್ದ. ಯಾವ ನಟ್ಟಿಗೆ ಯಾವ ಅಳತೆ ಎಂದು ನಾನು ಹೇಳುತ್ತಿರಲಿಲ್ಲ, ಅವನು ಕೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಹೇಳಲು ನನಗೆ ಗೊತ್ತೂ ಇರಲಿಲ್ಲ. "ಅದು ಹೆಂಗೋ ನಿನಗೆ ತಿಳಿಯುತ್ತೆ?" ಎಂದು ಒಮ್ಮೆ ಕೇಳಿದ್ದೆ. "ನಿನ್ನ ಬೆರಳು ಹೇಳ್ತದಪ್ಪಾ. ದೊಡ್ಡದು ಬೇಕಾದ್ರೆ ಅಗಲ ಮಾಡ್ತೀಯ, ಸಣ್ಣದು ಬೇಕಾದ್ರೆ ಮುದುರ್ತೀಯ, ಬೀಡಿ ಬೇಕಾದ್ರೆ ಎರಡೇ ಬೆರಳು" ಎಂದ. ಹೀಗೆ ನಾನು ಸ್ಪ್ಯಾನರುಗಳ ನಂಬರು ಮರೆತೆ, ಅವನು ಬಗ್ಗುವುದನ್ನು ಮರೆತ. ಇಬ್ಬರೂ ನಮ್ಮನ್ನು ನಾವು ಪೂರ್ತಿ ಫಿಟ್ಟರ್ ಎಂದೇ ತಿಳಿದುಕೊಂಡಿದ್ದೆವು.

ಆ ಕಾಲಕ್ಕೆ ಕುವೈತಿನ ಗಾಳಿ ನಮ್ಮ ಕಡೆಗೆ ಬೀಸತೊಡಗಿತು. ನನಗೆ ಅದು ತಗುಲಿದ್ದು ಗಫೂರನ ಮೂಲಕ. ಗಫೂರ್ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಸವಳಂಗ ರಸ್ತೆಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದ. ಅವನ ತಮ್ಮ ಕುವೈತಿನಲ್ಲಿ ಮೆಕ್ಯಾನಿಕ್ ಆಗಿದ್ದು ರಜೆಗೆ ಬಂದಾಗ ನಾನೂ ಸಾವಿತ್ರಿಯೂ ನೋಡಲು ಹೋಗಿದ್ದೆವು. ಅವನು ಬೀದಿಯ ತಿರುವಿನಲ್ಲಿರುವಾಗಲೇ ಅತ್ತರಿನ ವಾಸನೆ ಮನೆ ತಲುಪುತ್ತಿತ್ತು. ಕಂಕುಳಲ್ಲಿ ಚರ್ಮದ ಅಂಗಿ ತೊಟ್ಟ ಟ್ರಾನ್ಸಿಸ್ಟರು. ದೀಪ ಹಚ್ಚುವ ಹೊತ್ತಿನಲ್ಲೂ ಕಪ್ಪು ಕನ್ನಡಕ. "ಕುವೈತಲ್ಲಿ ಸೂರ್ಯ ಮುಳುಗೋದೇ ಇಲ್ವೇನ್ರೀ?" ಎಂದು ಸಾವಿತ್ರಿ ನನ್ನ ಕಿವಿಯಲ್ಲಿ ಕೇಳಿದಳು. ನನಗೆ ನಗು ಬರಲಿಲ್ಲ. ನನ್ನನ್ನು ಕೆಡಿಸಿದ್ದು ಅತ್ತರೂ ಅಲ್ಲ, ಕನ್ನಡಕವೂ ಅಲ್ಲ, ಅವನ ಒಂದು ಮಾತು. "ಅಲ್ಲಿ ಮಿಷಿನ್ ಎಲ್ಲಾ ನೆಲದ ಮೇಲೇ ಇರ್ತವೆ ಭಾಯ್. ನಿಂತ್ಕೊಂಡು ಕೆಲಸ ಮಾಡೋದು" ಎಂದಿದ್ದ. ನಿಂತುಕೊಂಡು! ಇಷ್ಟು ವರ್ಷ ಕೊಳೆ ನೀರಿನ ಗುಂಡಿಗಳಲ್ಲಿ ಅಂಗಾತ ಮಲಗಿ, ಲೋಕವನ್ನೆಲ್ಲ ಅದರ ಅಡಿಯಿಂದ ನೋಡಿದವನಿಗೆ ಆ ಒಂದು ಪದ ಸ್ವರ್ಗದ ಬಾಗಿಲು ತೆರೆದಂತೆ ಕೇಳಿಸಿತು. ನೆಟ್ಟಗೆ ನಿಂತುಕೊಂಡು ಸಂಬಳ ತೆಗೆದುಕೊಳ್ಳುವ ನನ್ನನ್ನು ನಾನೇ ಕಲ್ಪಿಸಿಕೊಂಡೆ.

ಹೋಗುವುದೇನೋ ಸರಿ, ಹೇಗೆ ಹೋಗಬೇಕು ಎಂಬ ಬಗ್ಗೆ ಶಿವಮೊಗ್ಗದಲ್ಲಿ ಒಂದು ಎಚ್ಚರಿಕೆಯ ಕಂಬ ಆಗಲೇ ನಿಂತಿತ್ತು. ಗಾಂಧಿ ಬಜಾರಿನಲ್ಲಿ ಅಂಗಿಯ ಗುಂಡಿ, ಲೇಸು ಮಾರುತ್ತಿದ್ದ ಒಬ್ಬಾತ ಕೈಯಲ್ಲಿ ಯಾವ ಕೆಲಸವೂ ಇಲ್ಲದೆ, ಹೋದರೆ ಸಿಗುತ್ತದೆ ಎಂದು ಕುವೈತಿಗೆ ಹೊರಟಿದ್ದ. ಬಜಾರೆಲ್ಲ ಊಟ ಹಾಕಿತು, ಹಾರ ಹಾಕಿತು. ಬೊಂಬಾಯಿಯ ಬಂದರಿನಲ್ಲಿ ಹಡಗು ನೋಡಿಕೊಂಡು, ಹಾರ ಬಾಡುವ ಮೊದಲೇ ಆತ ವಾಪಸ್ಸು ಬಂದ. ಮತ್ತೆ ಗುಂಡಿ ಮಾರಲು ಕುಳಿತ. ಆದರೆ ಅವನ ಹೆಸರು ಹೋಯಿತು. ಎಲ್ಲರೂ ಅವನನ್ನು 'ಕುವೈತ್' ಎಂದೇ ಕರೆಯತೊಡಗಿದರು. "ಕುವೈತ್ ಹತ್ರ ಹೋಗಿ ಅರ್ಧ ಡಜನ್ ಬಿಳಿ ಗುಂಡಿ ತಗೊಂಬಾ" ಎಂದು ಹೆಂಗಸರು ಮಕ್ಕಳನ್ನು ಕಳಿಸುತ್ತಿದ್ದರು. ಗಫೂರ್ ಅವನನ್ನು ತೋರಿಸಿಯೇ ನನಗೆ ಬುದ್ಧಿ ಹೇಳಿದ್ದು. "ಪೈಲೇ ನೌಕ್ರಿ ಪಕ್ಕಾ ಕರೋ ಮಿಯಾ, ಬಿಸ್ತರಾ ಬಾದ್ ಮೇ ಬಾಂಧೋ. ಕೆಲಸ ಕೈಗೆ ಬರ್ಲಿ, ಆಮೇಲೆ ಹಾಸಿಗೆ ಸುತ್ತು ಮಾರಾಯ." ಸಾವಿತ್ರಿಯದು ಇನ್ನೂ ಖಡಕ್ಕಾದ ಕಾನೂನು. "ಕೆಲಸ ಸಿಕ್ತು ಅಂತ ಆಗೋವರ್ಗೂ ಕ್ವಾರ್ಟರ್ಸ್ ಬಿಡೋ ಮಾತಿಲ್ಲ, ನಾನೊಂದು ಲೋಟನೂ ಕಟ್ಟಲ್ಲ. ಮತ್ತೆ, ನೀವೊಬ್ರೇ ಹೋಗ್ತೀನಿ ಅಂದ್ರೆ ಆಗಲ್ಲ. ಆಮೇಲೆ ನನ್ನೂ ಕರೆಸ್ಕೋಬೇಕು. ಅಲ್ಲಿ ನುಗ್ಗೆಕಾಯಿ ಸಿಗುತ್ತಾ ಕೇಳಿ."

ಒಂದು ದಿನ ಗಫೂರ್ ಸುದ್ದಿ ಹೇಳಿಕಳಿಸಿದ. ಬೊಂಬಾಯಿಯಿಂದ ಒಬ್ಬ ಸಾಹೇಬರು ಬರುತ್ತಿದ್ದಾರೆ, ಕುವೈತಿನ ಒಂದು ಕಂಪನಿಗೆ ಜನ ಆರಿಸಲು. ಗಫೂರನ ಗ್ಯಾರೇಜಿನಲ್ಲೇ ಕೆಲಸ ಮಾಡಿಸಿ ನೋಡುತ್ತಾರೆ. ವೆಲ್ಡರ್ ಇಬ್ಬರು, ಡ್ರೈವರ್ ಇಬ್ಬರು, ಫಿಟ್ಟರ್ ಒಬ್ಬ.

ಒಬ್ಬ. ಆ ಒಂದು ಪದ ನನ್ನೊಳಗೆ ಕುಳಿತು ನನ್ನನ್ನು ಎಂಥ ಮನುಷ್ಯನನ್ನಾಗಿ ಮಾಡಿತು ನೋಡಿ. ಚಿನ್ನಸಾಮಿಗೆ ಹೇಳಲಿಲ್ಲ. ಹೇಳದಿರುವುದಕ್ಕೆ ಕಾರಣಗಳನ್ನು ನಾನು ಬಹಳ ಶ್ರದ್ಧೆಯಿಂದ ಒಟ್ಟುಮಾಡಿದೆ. ಅವನಿಗೆ ಸೆಕೆ ಆಗಿಬರುವುದಿಲ್ಲ. ಅವನಿಗೆ ದಿನಾ ಮೊಸರು ಬೇಕು, ಮರಳುಗಾಡಿನಲ್ಲಿ ಎಲ್ಲಿಂದ ತರುತ್ತಾನೆ? ಅವನ ಒಳ್ಳೆಯದಕ್ಕೇ ಹೇಳುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದ ಮೇಲೆ ಊಟ ಚೆನ್ನಾಗಿ ಸೇರಿತು. ಗಫೂರನಿಗೂ "ಯಾರಿಗೂ ಹೇಳ್ಬೇಡ" ಎಂದೆ. "ಅಲ್ಲಾನ ಆಣೆ, ಹೇಳಲ್ಲ" ಎಂದ. ಮರಳುಗಾಡಿಗೆ ಒಗ್ಗಲೆಂದು ದಿನಾ ಮಧ್ಯಾಹ್ನ ಬಿಸಿಲಿನಲ್ಲಿ ನಿಂತು ಖರ್ಜೂರ ತಿನ್ನತೊಡಗಿದೆ. ಅಕ್ಕಪಕ್ಕದವರು ಏನೋ ಹರಕೆ ಇರಬೇಕೆಂದು ಸುಮ್ಮನಿದ್ದರು.

ಪರೀಕ್ಷೆಯ ಹಿಂದಿನ ದಿನ ಸಂಜೆ, ಪಾಳಿ ಮುಗಿಸಿ ಸೈಕಲ್ ತೆಗೆಯುವಾಗ, "ನಾಳೆ ಬರಲ್ಲ ಕಣೋ. ಸಾವಿತ್ರಿಗೆ ಹೊಟ್ಟೆನೋವು" ಎಂದೆ. ಚಿನ್ನಸಾಮಿಯ ಮುಖ ಸಣ್ಣದಾಯಿತು. "ಅಯ್ಯೋ ಪಾಪ, ಅಕ್ಕನಿಗಾ? ನೋಡ್ಕೋ ಮಂಜಾ, ನೋಡ್ಕೋ. ಖಾರ ಹಾಕ್ಬೇಡ ಅನ್ನು" ಎಂದವನು, ಪೆಡಲಿನ ಮೇಲೆ ಒಂದು ಕಾಲಿಟ್ಟು, "ನಾಳೆ ನಾನೂ ಬರಲ್ಲ. ನಮ್ಮ ಅತ್ತೆ ಧರ್ಮಪುರಿಯಿಂದ ಬಂದಿದ್ದಾಳೆ. ಎದೆನೋವು. ಶಿವಮೊಗ್ಗದ ಡಾಕ್ಟರಿಗೆ ತೋರಿಸ್ಬೇಕು" ಎಂದ. ನಾನೂ "ಅಯ್ಯೋ ಪಾಪ" ಎಂದೆ. ಇಬ್ಬರೂ ವಿರುದ್ಧ ದಿಕ್ಕಿಗೆ ಸೈಕಲ್ ತುಳಿದೆವು. ಒಬ್ಬ ಒಳ್ಳೆಯ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲ ಎಂದು ಮನಸ್ಸು ಚುಚ್ಚಿತು. ಅದೂ ಅತ್ತೆಗೆ ಎದೆನೋವಿರುವಾಗ!

ಮರುದಿನ ಬೆಳಗಿನ ರೈಲಿನಲ್ಲಿ, ಪರಿಚಯದವರು ಸಿಗಬಾರದೆಂದು ಕೊನೆಯ ಡಬ್ಬಿಯಲ್ಲಿ ಕುಳಿತು ಶಿವಮೊಗ್ಗಕ್ಕೆ ಹೋದೆ. ಗಫೂರನ ಗ್ಯಾರೇಜಿನಲ್ಲಿ ಜಾತ್ರೆಯೇ ಸೇರಿತ್ತು. ಲಾರಿಯ ಅಡಿಗೆ ಇಳಿದು ರಿಪೇರಿ ಮಾಡಲೆಂದು ತೋಡಿದ್ದ ಉದ್ದನೆಯ ಗುಂಡಿಯ ಮೇಲೆ ಎರಡು ದಪ್ಪ ಹಲಗೆ ಅಡ್ಡಹಾಕಿ, ಅವುಗಳ ಮೇಲೆ ಒಂದು ನೀರಿನ ಪಂಪನ್ನು ಕೂರಿಸಿದ್ದರು. ಪಕ್ಕದಲ್ಲಿ ಎತ್ತರಕ್ಕೆ ನೀರು ತುಂಬಿದ ಡ್ರಮ್ಮು. ಪಂಪಿನ ತಳದ ಮುಚ್ಚಳ ಬಿಚ್ಚಿ, ಮತ್ತೆ ಜೋಡಿಸಬೇಕು. ಆಮೇಲೆ ಡ್ರಮ್ಮಿನ ನೀರು ಬಿಟ್ಟರೆ ಒಂದು ತೊಟ್ಟೂ ಸೋರಬಾರದು. ಇದು ಫಿಟ್ಟರಿನ ಪರೀಕ್ಷೆ. ಬೊಂಬಾಯಿ ಸಾಹೇಬರು ಬಿಳಿ ಪ್ಯಾಂಟು, ಬಿಳಿ ಷರ್ಟು ಹಾಕಿ ಕುರ್ಚಿಯಲ್ಲಿ ಕುಳಿತು ಗಫೂರನ ಶರಬತ್ತು ಕುಡಿಯುತ್ತಿದ್ದರು. ಮೇಜಿನ ಮೇಲೆ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿತ್ತು. ನನ್ನ ಸರದಿ ಬಂತು. "ಖೋಲೋ, ಫಿರ್ ಜೋಡೋ" ಎಂದರು. ಸಾಲಾಗಿ ಹೊಳೆಯುತ್ತಿದ್ದ ಸ್ಪ್ಯಾನರುಗಳ ಕಡೆ ನಾನು ಕಣ್ಣೆತ್ತಿಯೂ ನೋಡಲಿಲ್ಲ. ಅದು ನನ್ನ ಇಲಾಖೆಯಲ್ಲವಲ್ಲ! ಗಂಭೀರವಾಗಿ ತೋಳು ಮಡಿಸಿ, ಗುಂಡಿಗಿಳಿದು, ಪಂಪಿನಡಿ ಅಂಗಾತ ಮಲಗಿ, ಹಲಗೆಗಳ ಸಂದಿನಿಂದ ಕೈ ಹೊರಗೆ ಚಾಚಿದೆ.

ಏನೂ ಬೀಳಲಿಲ್ಲ. ಬೆರಳು ಆಡಿಸಿದೆ. ಏನೂ ಇಲ್ಲ. ಆಗ ನೆನಪಾಯಿತು. ಇದು ಕಾಗದನಗರವಲ್ಲ, ಮೇಲೆ ಯಾರೂ ಇಲ್ಲ. ಎದ್ದುಹೋಗಿ ಮೇಜಿನಿಂದ ತರೋಣವೆಂದರೆ ಯಾವುದನ್ನು ತರುವುದು? ಎಲ್ಲರೆದುರು ಒಂದೊಂದಾಗಿ ತಂದು ನಟ್ಟಿಗೆ ಹಾಕಿ ನೋಡುವುದೇ? ನನ್ನ ಹೆಸರು ಇನ್ನು 'ಕುವೈತ್ ಎರಡನೆಯವನು' ಎಂದಾಗುವುದು ಖಂಡಿತ ಎನಿಸಿತು. ಕೈ ಹಿಂದಕ್ಕೆ ಎಳೆದುಕೊಳ್ಳಬೇಕು, ಅಷ್ಟರಲ್ಲಿ ಮಣಿಕಟ್ಟಿಗೆ 'ಟಕ್ ಟಕ್'. ಒರೆಸಿದ, ಬೆಚ್ಚಗಿನ, ಸರಿಯಾದ ಸ್ಪ್ಯಾನರು ಅಂಗೈಗೆ ಬಂದು ಕುಳಿತಿತು. ಮತ್ತೆ ಕೇಳಬೇಕೇ? ಕೈ ಹೊರಗೆ ಹೋಗುವುದು, ಬರುವುದು. ನಟ್ಟುಗಳು ಬಿಚ್ಚಿದವು, ಮುಚ್ಚಳ ಇಳಿಯಿತು, ಒರೆಸಿದೆ, ಏರಿಸಿದೆ, ಬಿಗಿದೆ. ಜೀವಮಾನದಲ್ಲಿ ನಾನು ಅಷ್ಟು ಚೆಂದವಾಗಿ ಕೆಲಸ ಮಾಡಿದ್ದಿಲ್ಲ. ಕೊನೆಯ ನಟ್ಟಿಗೆ ಬಂದಾಗಲೇ 'ಅರೆ, ಇದು ಯಾರ ಕೈ?' ಎಂದು ನನಗೆ ಹೊಳೆದದ್ದು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಸದ್ಯಕ್ಕೆ ನೀವೂ ಹಾಗೆಯೇ ಇಟ್ಟುಕೊಳ್ಳಿ.

ಆ ಕೊನೆಯ ನಟ್ಟಿನಲ್ಲಿ ಮಾತ್ರ ಏನೋ ಎಡವಟ್ಟಾಯಿತು. ಸ್ಪ್ಯಾನರು ಕೊಂಚ ಸಡಿಲ ಎನಿಸಿತು. ಆದರೆ ಬಂದ ಸ್ಪ್ಯಾನರು ತಪ್ಪಾಗಿರುವುದು ನನ್ನ ಅನುಭವದಲ್ಲೇ ಇರಲಿಲ್ಲವಾದ್ದರಿಂದ ನಟ್ಟನ್ನೇ ಅನುಮಾನಿಸಿದೆ. ಜಾರಿತು, ಮತ್ತೆ ಹಾಕಿದೆ, ಜಾರಿತು. ನಟ್ಟಿನ ಮೂಲೆಗಳೆಲ್ಲ ಸವೆದು ಗೋಲಿಯಂತಾಯಿತು. ಸಾಕು ಎಂದು ಗುಂಡಿಯಿಂದ ಎದ್ದು ನೋಡುತ್ತೇನೆ: ಎದುರಿಗೆ ಮದುವೆಯ ರೇಷ್ಮೆ ಷರ್ಟು ಹಾಕಿ, ಎಣ್ಣೆ ಬಟ್ಟೆ ಹಿಡಿದು, ಚಿನ್ನಸಾಮಿ!

"ನಿಮ್ಮತ್ತೆ ಎಲ್ಲೋ?" ಎಂದೆ.

"ಅಕ್ಕನ ಹೊಟ್ಟೆ ಹೆಂಗಿದೆ?" ಎಂದ.

ಮುಂದೆ ಮಾತು ಬೆಳೆಯುವಷ್ಟರಲ್ಲಿ ಸಾಹೇಬರು ಎದ್ದು ಬಂದರು. ಚಿನ್ನಸಾಮಿಯನ್ನು ಅವರು ಗ್ಯಾರೇಜಿನ ಆಳು ಎಂದುಕೊಂಡಿದ್ದರು. ನನ್ನ ಕೆಲಸ ಅವರಿಗೆ ಹಿಡಿಸಿತ್ತು. "ಶಾಬಾಷ್" ಎಂದು ಬಾಯಿ ತುಂಬ ಹೇಳಿ, ಡ್ರಮ್ಮಿನ ನಲ್ಲಿ ತಿರುಗಿಸಿ, ಪಂಪಿನ ತಳ ಸೋರುತ್ತದೆಯೇ ಎಂದು ನೋಡಲು ಬಗ್ಗಿದರು. ಆ ಕೊನೆಯ ನಟ್ಟಿನ ಪಕ್ಕದಿಂದ ಚಿಮ್ಮಿದ ನೀರು ಅವರ ಕನ್ನಡಕಕ್ಕೆ ಹೊಡೆದು, ಮೂಗಿನ ಮೇಲಿಂದ ಇಳಿದು, ಬಿಳಿ ಷರ್ಟಿನ ಒಳಗೆ ಹೋಯಿತು. ನೀರಿನಲ್ಲಿ ಹಳೆಯ ಗ್ರೀಸೂ ಇತ್ತು. "ಯೇ ಕೌನ್ ಹೈ?" ಎಂದು ಚಿನ್ನಸಾಮಿಯತ್ತ ಬೆರಳು ಮಾಡಿ ಕೂಗಿದರು. ಚಿನ್ನಸಾಮಿ ಅಟೆನ್ಷನ್ನಿನಲ್ಲಿ ನಿಂತು, "ಸಾರ್, ಇವನಾದ್ಮೇಲೆ ನಂದೇ ಸರದಿ ಸಾರ್" ಎಂದ. ನನ್ನನ್ನು ನೋಡಿದ ಕೂಡಲೇ ಲಾರಿಯ ಹಿಂದೆ ಅಡಗಿದ್ದನಂತೆ. ಗುಂಡಿಯಿಂದ ಕೈಯೊಂದು ಎದ್ದು ಬೆರಳಾಡಿಸಿದ್ದನ್ನು ಕಂಡಾಗ ಕಾಲು ತಾನಾಗಿ ನಡೆದುಬಂದುಬಿಟ್ಟಿತಂತೆ.

ಸಾಹೇಬರು ಹಟಕ್ಕೆ ಬಿದ್ದು, ಬೇರೆ ನಟ್ಟು ಹಾಕಿಸಿ, ಚಿನ್ನಸಾಮಿಗೂ ಪರೀಕ್ಷೆ ಮಾಡಿದರು. ಅವನು ಮೇಜಿನಿಂದ ಬೇಕಾದ ಸ್ಪ್ಯಾನರುಗಳನ್ನೆಲ್ಲ ಕಣ್ಣು ಮುಚ್ಚಿ ಆರಿಸಿ, ಮದುವೆ ಮನೆಯ ಎಲೆ ಅಡಿಕೆಯ ಹಾಗೆ ಜೋಡಿಸಿದ. ಸಾಹೇಬರ ಮುಖ ಅರಳಿತು. ಆಮೇಲೆ ಗುಂಡಿಗೆ ಇಳಿಯಬೇಕಲ್ಲ? ಕಾಲು ಇಳಿಯಿತು, ಸೊಂಟದವರೆಗೆ ಇಳಿಯಿತು, ಅಲ್ಲಿಗೆ ನಿಂತಿತು. ಎರಡು ಹಲಗೆಗಳ ನಡುವೆ ಹೊಟ್ಟೆ ಸಿಕ್ಕಿಕೊಂಡು, ಕೆಳಗೂ ಹೋಗದೆ ಮೇಲೂ ಬಾರದೆ, ರೇಷ್ಮೆ ಷರ್ಟಿನ ಚಿನ್ನಸಾಮಿ ಗಣಪತಿಯಂತೆ ಪ್ರತಿಷ್ಠಾಪನೆಗೊಂಡ. ಅವನನ್ನು ವಿಸರ್ಜಿಸಲು ಗ್ಯಾರೇಜಿನವರೆಲ್ಲ ಸೇರಬೇಕಾಯಿತು. ಎಳೆಯುತ್ತ ಎಳೆಯುತ್ತ ನಾನು ನಗಲು ಶುರುಮಾಡಿದೆ, ಸಿಕ್ಕಿಕೊಂಡವನೂ ನಕ್ಕ, ನಕ್ಕಾಗ ಹೊಟ್ಟೆ ಇನ್ನೂ ಉಬ್ಬಿ ಬಿಗಿಯಿತು. "ನಗ್ಬೇಡ್ವೋ, ಹಲಗೆ ಮುರೀತದೆ!" ಎಂದು ಗಫೂರ್ ಕೂಗಿಕೊಂಡ. ಸಾಹೇಬರು ಮುಖ ಒರೆಸಿಕೊಳ್ಳುತ್ತ ಗಫೂರನಿಗೆ ಏನೋ ಹೇಳಿದರು. ಗಫೂರ್ ನಮಗೆ ತರ್ಜುಮೆ ಮಾಡಿದ: "ಸಾಹೇಬ್ರು ಹೇಳ್ತಾರೆ, ನೀವಿಬ್ರೂ ಸೇರಿದ್ರೆ ಒಬ್ಬ ಫಸ್ಟ್ ಕ್ಲಾಸ್ ಫಿಟ್ಟರ್. ಆದ್ರೆ ಕಂಪನಿ ಒಬ್ಬನಿಗೆ ಒಂದೇ ಟಿಕೆಟ್ ಕೊಡುತ್ತೆ." ಕೆಲಸ ದಾವಣಗೆರೆಯಿಂದ ಬಂದಿದ್ದ, ಹೊಟ್ಟೆಯೂ ಇಲ್ಲದ ಜೋಡಿಯೂ ಇಲ್ಲದ ಒಬ್ಬ ಫಿಟ್ಟರಿಗೆ ಸಿಕ್ಕಿತು.

"ನೀನು ಅವನಿಗೂ ಹೇಳಿದ್ಯಾ?" ಎಂದು ಗಫೂರನ ಮೇಲೆ ಹರಿಹಾಯ್ದೆ. "ಅರೆ, ಅವನೂ ಬಂದು ಕೇಳ್ದ, ಅವನೂ ಯಾರಿಗೂ ಹೇಳ್ಬೇಡ ಅಂದ. ನಿಂಗೆ ಕೊಟ್ಟ ಮಾತೂ ಉಳಿಸ್ದೆ, ಅವನಿಗೆ ಕೊಟ್ಟಿದ್ದೂ ಉಳಿಸ್ದೆ. ಇದ್ರಲ್ಲಿ ನನ್ನ ತಪ್ಪೇನು ಮಾರಾಯ?" ಎಂದ. ಅವನನ್ನು ರಂಜಾನಿನ ಊಟದ ದಿನ ಚಿನ್ನಸಾಮಿಗೆ ಪರಿಚಯಿಸಿದವನು ನಾನೇ. ಯಾರನ್ನು ಬೈಯಲಿ?

ವಾಪಸ್ಸು ಬರುವ ರೈಲಿನಲ್ಲಿ ಒಂದೇ ಸೀಟಿನಲ್ಲಿ ಕುಳಿತೆವು. ಆಮೇಲೆ ಚಿನ್ನಸಾಮಿ, "ಕೊನೇದು ಯಾವುದೋ ತಪ್ಪಾಗೋಯ್ತು ಮಂಜಾ. ಗಾಬರೀಲಿ" ಎಂದು ತಲೆ ಕೆರೆದುಕೊಂಡ. ನಾನು ಬಹಳ ಉದಾರವಾಗಿ ಅವನ ಬೆನ್ನು ತಟ್ಟಿ, "ಹೋಗ್ಲಿ ಬಿಡೋ, ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ" ಎಂದೆ. ಆ ಔದಾರ್ಯವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮುಂದೆ ವರ್ಷಗಟ್ಟಲೆ, ಬೀಡಿಗೆ ಜಗಳವಾದಾಗ, ಇಸ್ಪೀಟಿನಲ್ಲಿ ಸೋತಾಗ, "ನಿನ್ನಿಂದ ಕುವೈತ್ ಹೋಯ್ತು, ನಾನೇನಾದ್ರೂ ಅಂದ್ನಾ?" ಎಂದು ಅದನ್ನೇ ತೆಗೆದು ತೋರಿಸುತ್ತಿದ್ದೆ. ಪಾಪ, ಅವನು ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಕಾಗದನಗರದ ನಮ್ಮ ಮನೆ ಮುಟ್ಟುವಾಗ ಸಂಜೆ. ಮುಂದಿನ ಮೆಟ್ಟಿಲ ಮೇಲೆ ಸಾವಿತ್ರಿಯೂ ಚಿನ್ನಸಾಮಿಯ ಹೆಂಡತಿ ವಳ್ಳಿಯಮ್ಮನೂ ಅಕ್ಕಪಕ್ಕ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದರು. ಸಿಪ್ಪೆಯ ರಾಶಿ ನೋಡಿದರೆ ಬೆಳಗಿನಿಂದ ಮಾತು ನಡೆದಿದೆ ಎಂದು ಗೊತ್ತಾಗುವಂತಿತ್ತು. ಆದದ್ದಿಷ್ಟು: ಸಾವಿತ್ರಿಗೆ ಹೊಟ್ಟೆನೋವು ಎಂದು ಗಂಡನಿಂದ ಕೇಳಿದ ವಳ್ಳಿಯಮ್ಮ ಮೆಣಸಿನ ಸಾರು ಮಾಡಿಕೊಂಡು ಬಂದಿದ್ದಾರೆ. ಸಾವಿತ್ರಿ ಒಲೆಯ ಮುಂದೆ ಕುಳಿತು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಾಳೆ. "ಹೊಟ್ಟೆನೋವು ಅಂದ್ರು?" "ನನಗಾ? ನಿಮ್ಮಮ್ಮನಿಗೆ ಎದೆನೋವು ಅಂದ್ರು?" "ನಮ್ಮಮ್ಮನಿಗಾ? ಅವಳು ಧರ್ಮಪುರೀಲಿ ಗಟ್ಟಿಮುಟ್ಟಾಗಿ ಕೂತ್ಕೊಂಡು ಸೊಸೇರನ್ನ ಬೈತಾ ಇದ್ದಾಳೆ!" ಅಲ್ಲಿಗೆ ಬಜ್ಜಿಯ ಜೊತೆ ನಮ್ಮಿಬ್ಬರ ಬಂಡವಾಳವೂ ಬೆಂದಿತು.

ನಾವಿಬ್ಬರೂ ಗೇಟಿನಲ್ಲಿ ತಲೆ ತಗ್ಗಿಸಿ ನಿಂತೆವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಬ್ಬರೂ ಒಟ್ಟಿಗೆ ಬಲಗೈ ಚಾಚಿದರು. "ಏನ್ ತಂದ್ರಿ ಕುವೈತಿಂದ?" ಎಂದಳು ಸಾವಿತ್ರಿ. ಪುಣ್ಯಕ್ಕೆ, ರೈಲಿಗೆ ಹೊತ್ತಿದೆಯೆಂದು ಗಾಂಧಿ ಬಜಾರಿನಲ್ಲಿ ಸುತ್ತುವಾಗ ಚಿನ್ನಸಾಮಿ ಎರಡು ಪೊಟ್ಟಣ ಕೊಬ್ಬರಿ ಮಿಠಾಯಿ ಕಟ್ಟಿಸಿದ್ದ. ಒಂದನ್ನು ತನ್ನ ಹೆಂಡತಿಯ ಕೈಗೆ ಹಾಕಿದ, ಇನ್ನೊಂದನ್ನು ನನ್ನ ಕೈಗೆ. ನಾನು ಅದನ್ನು ಸಾವಿತ್ರಿಯ ಕೈಗೆ. ಅವತ್ತು ಆ ಮೆಟ್ಟಿಲ ಮೇಲೆ ನಾಲ್ವರೂ ನಕ್ಕ ನಗೆಗೆ ಪಕ್ಕದ ಕ್ವಾರ್ಟರ್ಸಿನವರು, ನಮಗೆ ಕುವೈತಿನ ಕೆಲಸ ಸಿಕ್ಕಿಯೇಬಿಟ್ಟಿತೆಂದು ತಿಳಿದು, ಹಾರ ತರಲು ಹೊರಟಿದ್ದರು. ತಡೆಯಲು ಸಾಕುಸಾಕಾಯಿತು.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಕಥೆ. ಇನ್ನು ಉಳಿದದ್ದು.

ಇಬ್ಬರೂ ನಿವೃತ್ತರಾಗಿ ಎಷ್ಟೋ ಕಾಲವಾದ ಮೇಲೆ, ಈಚೆಗೊಂದು ದಿನ ಚಿನ್ನಸಾಮಿ ನಮ್ಮ ಮನೆಗೆ ಬಂದಿದ್ದ. ಈಗ ಅವನು ಕಡ್ಡಿ, ಹೊಟ್ಟೆ ನನ್ನ ಪಾಲಿಗೆ ಬಂದಿದೆ. ಜಗುಲಿಯಲ್ಲಿ ಕುಳಿತಿದ್ದೆವು. ಏಕೋ ಆ ದಿನ ನನ್ನ ಬಾಯಿ ತಡೆಯಲಿಲ್ಲ. "ಚಿನ್ನಸಾಮಿ, ಒಂದು ಮಾತು. ಆವತ್ತು ಗ್ಯಾರೇಜಲ್ಲಿ ಮೊದಲನೇ ಸ್ಪ್ಯಾನರ್ ಬಿದ್ದಾಗ್ಲೇ ನೀನು ಅಂತ ನಂಗೆ ಗೊತ್ತಾಗಿತ್ತು ಕಣೋ. ಟಕ್ ಟಕ್ ಅಂದಾಗ್ಲೇ" ಎಂದೆ. ಗೊತ್ತಾಗಿಯೂ ತಲೆ ಹೊರಗೆ ಹಾಕಿರಲಿಲ್ಲ. ಹಾಕಿದರೆ ಅವನ ಮುಖ ನೋಡಬೇಕಾಗುತ್ತಿತ್ತು. ನೋಡಿದರೆ ಕೆಲಸ ನಿಲ್ಲುತ್ತಿತ್ತು. ಮೊದಲು ಇವನ ಕೈಯಿಂದಲೇ ಕೆಲಸ ಗೆದ್ದುಬಿಡೋಣ, ಮುಖ ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದೆ. ಅವನೂ ಬಯಸಿ ಬಂದ ಕೆಲಸವನ್ನು ಅವನ ಕೈಯಿಂದಲೇ ಕಿತ್ತುಕೊಳ್ಳುತ್ತಿದ್ದೇನೆಂದು ಪ್ರತಿ ನಟ್ಟಿಗೂ ನನಗೆ ಗೊತ್ತಿತ್ತು. ಇದನ್ನೆಲ್ಲ ಹೇಳಿ ಮುಗಿಸಿ, ಬೈಯಲಿ ಎಂದು ತಲೆ ತಗ್ಗಿಸಿ ಕುಳಿತೆ.

ಚಿನ್ನಸಾಮಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ನಿಧಾನವಾಗಿ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿದ. "ಗೊತ್ತು ಮಂಜಾ" ಎಂದ. "ಮೊದಲು ನಿನ್ನ ಬೆರಳು ಹುಡುಕಾಡ್ತಾ ಇತ್ತು. ನಾನು ತಟ್ಟಿದ ಮೇಲೆ ನಿಂತೋಯ್ತು. ಬೇರೆ ಯಾರಾದ್ರೂ ಕೊಟ್ಟಿದ್ರೆ ನೀನು ತಲೆ ಹಾಕಿ ನೋಡ್ತಿದ್ದೆ ತಾನೇ? ಈಗ ನೋಡ್ತಾನೆ, ಈಗ ನೋಡ್ತಾನೆ ಅಂತ ಒಂದೊಂದು ಸ್ಪ್ಯಾನರಿಗೂ ಕಾದೆ. ನೋಡಲೇ ಇಲ್ಲ ನೀನು. ಕೊನೇ ನಟ್ಟು ಬಂತು. ಹಂಗಾದ್ರೆ ತಗೋ ಮಗನೇ ಅಂತ ಒಂದು ಸೈಜ್ ದೊಡ್ಡದು ಕೊಟ್ಟೆ."

ಇಷ್ಟು ವರ್ಷ ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಾ ಬಂದ ತಪ್ಪು ತಪ್ಪೇ ಆಗಿರಲಿಲ್ಲ! "ಲೋ, ನೀನೂ ನಂಗೆ ಹೇಳ್ದೆ ಹೋಗೋಕೇ ತಾನೇ ಬಂದಿದ್ದು?" ಎಂದು ಕೂಗಿದೆ. "ನಾನು ಹೋಗೋದು ಬೇರೆ, ನೀನು ಹೋಗೋದು ಬೇರೆ" ಎಂದ ಚಿನ್ನಸಾಮಿ, ಏನೂ ನಾಚಿಕೆಯಿಲ್ಲದೆ. "ನೀನು ಹೋಗಿಬಿಟ್ರೆ ಆ ಚೀಲ ಹಿಡ್ಕೊಂಡು ನಾನು ಯಾರ ಕೈಗೆ ಕೊಡೋದು?" ಇದರಲ್ಲಿ ಏನೋ ಒಂದು ಅನ್ಯಾಯವಿದೆ ಎಂದು ನನಗೆ ಈಗಲೂ ಅನಿಸುತ್ತದೆ, ಆದರೆ ಎಲ್ಲಿದೆ ಎಂದು ಹುಡುಕಲು ಹೋಗಿಲ್ಲ.

ಅಂದಿನಿಂದ ನಾನು ಸ್ವಲ್ಪ ಸುಧಾರಿಸಿದ್ದೇನೆ. ಕೈ ಚಾಚುವ ಚಟ ಬಿಟ್ಟಿಲ್ಲ, ಅದು ನನ್ನ ಜೊತೆಗೇ ಹೋಗುವಂಥದ್ದು. ಆದರೆ ಕೈಗೆ ಏನಾದರೂ ಬಿದ್ದ ಕೂಡಲೇ ಪೇಪರು ಕೆಳಗಿಟ್ಟು, ತಲೆಯೆತ್ತಿ, ಕೊಟ್ಟವರ ಮುಖ ನೋಡುತ್ತೇನೆ. ಇವತ್ತು ಬೆಳಿಗ್ಗೆಯೂ ಕಾಫಿಗೆಂದು ಕೈ ಚಾಚಿದೆ. ಮಣಿಕಟ್ಟಿಗೆ ಚಮಚದಿಂದ 'ಟಕ್ ಟಕ್' ಎಂದು ತಟ್ಟಿ, ಸಾವಿತ್ರಿ ಒಂದು ಲೋಟ ಇಟ್ಟಳು. ಮೂಸಿದರೆ ಜೀರಿಗೆ ಕಷಾಯ. ತಪ್ಪಿ ಬಂದದ್ದೋ, ಬೇಕೆಂದೇ ಬಂದದ್ದೋ? ಕೇಳುವ ಧೈರ್ಯ ನನಗಿಲ್ಲ. ಹೊಸ ನಿಯಮದ ಪ್ರಕಾರ ತಲೆಯೆತ್ತಿ ಅವಳ ಮುಖವನ್ನೇ ನೋಡಿದೆ.

"ಏನ್ ಹಂಗ್ ನೋಡ್ತೀರಿ?" ಎಂದಳು. "ನಾನೇ. ನಿಮ್ಮ ಕೈಗೆ ಕೊಡೋ ದರ್ದು ಈ ಊರಲ್ಲಿ ಇನ್ಯಾರಿಗಿದೆ? ಕುಡೀರಿ."

ಕುಡಿದೆ.